ಕಪ್ಪೆ ಕೋಣೆ

ಮಗನ ಮನೆಯ ಮಹಡಿಯ ಓಣಿಯಲ್ಲಿ ನಾಲ್ಕು ಬಾಗಿಲು. ಮೂರರ ಹಿಂದೆ ಮಾಮೂಲಿ ಕೋಣೆಗಳು. ನಾಲ್ಕನೆಯದರ ಬುಡದಲ್ಲಿ, ಬಾಗಿಲಿಗೂ ನೆಲಕ್ಕೂ ನಡುವಿನ ಸಂದಿಗೆ, ಸೊಸೆ ಹಳೆಯ ಟವೆಲೊಂದನ್ನು ಸುರುಳಿ ಸುತ್ತಿ ಒತ್ತಿಟ್ಟಿದ್ದಳು. ನಮ್ಮೂರಲ್ಲಾದರೆ ಇಲಿ ನುಗ್ಗದಿರಲೆಂದೋ, ಇರಿಚಲು ಒಳಗೆ ಬರದಿರಲೆಂದೋ ಹೀಗೆ ಮಾಡುತ್ತಾರೆ. ಇಲ್ಲಿ ತಡೆಯಬೇಕಾಗಿದ್ದುದು ಮನೆಯದೇ ಇನ್ನೊಂದು ಕೋಣೆಯನ್ನು. "ಅಲ್ಲಿಗೆ ಹೋಗೋದಾದ್ರೆ ಸ್ವೆಟರ್ ಹಾಕ್ಕೊಂಡು ಹೋಗಿ ಮಾವ" ಎಂದಳು, ಪರವೂರಿಗೆ ಹೊರಟವನಿಗೆ ಹೇಳುವ ಹಾಗೆ.

ನವೆಂಬರ್ ಕೊನೆಯ ವಾರ. ಊರು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ. ರಾಜ್ಯದ ರಾಜಧಾನಿ ರಾಲಿಗೆ ಅಂಟಿಕೊಂಡದ್ದು. 1959ರಲ್ಲಿ ಪೈನ್ ಕಾಡಿನ ನಡುವೆ ಶುರುವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಇಲ್ಲಿಗೆ ಹತ್ತಿರ. ನಮ್ಮ ಮಕ್ಕಳನ್ನು ಈ ಕಡೆಗೆ ಎಳೆದು ತಂದದ್ದೇ ಅದು. ಸಾಗರದಿಂದ ಬಂದ ನನಗೆ ಇಲ್ಲಿ ಮೊದಲು ಗುರುತು ಸಿಕ್ಕಿದ್ದು ಮಣ್ಣು. ರಸ್ತೆಗೆಂದು ಕಡಿದ ದರೆಯಲ್ಲಿ ನಮ್ಮೂರಿನದೇ ಕೆಂಪು, ಚಪ್ಪಲಿಗೆ ಹತ್ತಿದರೆ ಬಿಡದ ಅದೇ ಜಿಗುಟು. ಆದರೆ ಮನೆಗಳು ಮಣ್ಣಿನವೂ ಅಲ್ಲ, ಕಲ್ಲಿನವೂ ಅಲ್ಲ. ಮೂಳೆಯೆಲ್ಲ ಮರ. ಎದುರು ಮುಖದಲ್ಲಿ ಇಟ್ಟಿಗೆ ಕಂಡರೂ ಅದು ಬರೀ ಹೊದಿಕೆ, ಭಾರ ಹೊರುವುದಿಲ್ಲ. ಮೂವತ್ತೆರಡು ವರ್ಷ ಪಿಡಬ್ಲ್ಯುಡಿಯಲ್ಲಿ ಗೋಡೆಯ ದಪ್ಪ ನೋಡಿ ಮನೆಯ ಯೋಗ್ಯತೆ ಅಳೆದವನಿಗೆ ಇದು ಒಗ್ಗಲು ಕೆಲವು ದಿನ ಹಿಡಿಯಿತು.

ಟವೆಲು ಸರಿಸಿ ಬಾಗಿಲು ತೆಗೆದೆ. ಚಳಿ ಮುಖಕ್ಕೆ ಬಡಿಯಲಿಲ್ಲ. ಬಚ್ಚಲಿನಿಂದ ನೀರು ಹೊರಳಿ ಬಂದ ಹಾಗೆ ಪಾದದ ಮೇಲೆ ಹರಿಯಿತು. ಮೂರು ಮೆಟ್ಟಿಲು ಇಳಿದರೆ ಇಪ್ಪತ್ತೊಂದು ಅಡಿ ಉದ್ದ, ಹದಿಮೂರು ಅಡಿ ಅಗಲದ ಜಾಗ. ನೆಲಕ್ಕೆ ಪ್ಲೈವುಡ್, ಅದರ ಮೇಲೆ ಯಾವನೋ ಬಡಗಿಯ ಪೆನ್ಸಿಲ್ ಲೆಕ್ಕ ಇನ್ನೂ ಅಳಿಸಿರಲಿಲ್ಲ. ಎಡಬಲದಲ್ಲಿ ಎದೆಮಟ್ಟದ ಗೋಡೆಯ ಬರೀ ಚೌಕಟ್ಟು, ಅಲ್ಲಿಂದ ಮೇಲಕ್ಕೆ ಮಾಡಿನ ಓರೆ. ನಡುವೆ ಮಾತ್ರ ತಲೆಯೆತ್ತಿ ನಿಲ್ಲಬಹುದು. ಹೊರಗಡೆ ಶಿಂಗಲ್ ಹೊಡೆದ ಮೊಳೆಗಳು ಹಲಗೆ ದಾಟಿ ಒಳಕ್ಕೆ ಸಾಲುಸಾಲಾಗಿ ಮೊನೆ ಚಾಚಿದ್ದವು, ಮುಳ್ಳುಹಂದಿಯ ಚರ್ಮವನ್ನು ಒಳಹೊರಗು ಮಾಡಿ ಹೊದ್ದಂತೆ. ಮುಂದೆ ಜನವರಿಯ ಒಂದು ಬೆಳಗ್ಗೆ ಆ ಒಂದೊಂದು ಮೊನೆಗೂ ಹಿಮದ ಕಾಳು ಕೂತಿದ್ದನ್ನು ನೋಡಿದೆ. ಮನೆಯೊಳಗಿನ ಅಡುಗೆಯ, ಸ್ನಾನದ, ಉಸಿರಿನ ತೇವವೇ ಇಲ್ಲಿಗೆ ನುಸುಳಿ ತಣ್ಣನೆಯ ಕಬ್ಬಿಣಕ್ಕೆ ಹೆಪ್ಪುಗಟ್ಟಿತ್ತು. ಬಿಸಿಲೇರಿದಾಗ ಅದು ಕರಗಿ ಪ್ಲೈವುಡ್ ಮೇಲೆ ತಟಕ್ ತಟಕ್ ಎಂದು ಹನಿಯಿತು. ಮಳೆಯಿಲ್ಲದೆ ಸೋರುವ ಮಾಡನ್ನು ಜೀವಮಾನದಲ್ಲಿ ಕಂಡದ್ದು ಅದೇ ಮೊದಲು.

ಇಂಥದ್ದಕ್ಕೆ ಇಲ್ಲಿ 'ಬೋನಸ್ ರೂಮ್' ಎನ್ನುತ್ತಾರೆ. ಎರಡು ಕಾರಿನ ಗ್ಯಾರೇಜಿಗೆ ಮಾಡು ಹೇಗೂ ಬೇಕು, ಮಾಡಿನ ಕೆಳಗೆ ಜಾಗ ಹೇಗೂ ಉಳಿಯುತ್ತದೆ. ಮನೆ ಕಟ್ಟುವ ಕಂಪನಿ ಅದನ್ನು ಹಸಿಯಾಗಿ ಬಿಟ್ಟರೆ ಬೆಲೆ ಇಳಿಯುತ್ತದೆ, ಕೊಂಡವನು ಕೈಯಲ್ಲಿ ಕಾಸಾಡಿದಾಗ ಮುಗಿಸಿಕೊಳ್ಳುತ್ತಾನೆ. ಮನೆ ದಲ್ಲಾಳಿಗಳಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ: ಫ್ರಾಗ್. 'ಫಿನಿಶ್ಡ್ ರೂಮ್ ಓವರ್ ಗ್ಯಾರೇಜ್' ಎಂಬುದರ ಮೊದಲಕ್ಷರಗಳು. ನಾನು ಮೊಮ್ಮಗಳಿಗೆ 'ಕಪ್ಪೆ ಕೋಣೆ' ಅಂದೆ. ಐದು ವರ್ಷದ ಅವಳ ಬಾಯಲ್ಲಿ ಅದೇ ನಿಂತಿತು. ಕಡೆಗೆ ಸೊಸೆಯೂ ಫೋನಿನಲ್ಲಿ ತನ್ನ ತಾಯಿಗೆ "ಕಪ್ಪೆ ಕೋಣೆ ಕೆಲಸ ನಡೀತಿದೆ ಕಣಮ್ಮ" ಎನ್ನತೊಡಗಿದಳು.

ಕೋಣೆ ಬೇಕಾದದ್ದು ನಮಗೇ. ಆರು ತಿಂಗಳಿಗೆಂದು ಬಂದ ನಾವಿಬ್ಬರೂ ಮೊಮ್ಮಗಳ ಕೋಣೆ ಹಿಡಿದಿದ್ದೆವು. ಅವಳು ಅಪ್ಪ ಅಮ್ಮನ ನಡುವೆ ಅಡ್ಡಡ್ಡ ಮಲಗಿ ಇಬ್ಬರ ನಿದ್ದೆಯನ್ನೂ ಕೆಡಿಸುತ್ತಿದ್ದಳು. ಮಗ ಮೊದಲು ಹುಡುಕಿದ ಉಪಾಯ ಸುಲಭದ್ದು: ಒಂದು ಹೀಟರ್. ಅದು ಎರಡು ದಿನ ಹಗಲೂ ರಾತ್ರಿ ಕೆಂಪಗೆ ಉರಿಯಿತು. ಮನೆಯೆಲ್ಲ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 20. ಕಪ್ಪೆ ಕೋಣೆ 52ರಿಂದ, ಅಂದರೆ 11ರಿಂದ, ಮೇಲಕ್ಕೆ ಏಳಲೊಲ್ಲದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ ಬಂದವನು ಬಡಗಿ. ಅರವತ್ತು ದಾಟಿದವನು, ಬಿಳಿ ಗಡ್ಡ, ಕಿವಿಯ ಮೇಲೆ ಚಪ್ಪಟೆ ಪೆನ್ಸಿಲ್. ಪೆನ್ಸಿಲ್ ಇಡುವ ಜಾಗ ಮಾತ್ರ ಎಲ್ಲ ದೇಶದ ಬಡಗಿಗಳಿಗೂ ಒಂದೇ. ಅವನ ದಕ್ಷಿಣದ ಎಳೆದೆಳೆದು ಆಡುವ ಇಂಗ್ಲಿಷು ನನಗೆ ಮೂರರಲ್ಲೊಂದು ಪಾಲು ತಿಳಿಯುತ್ತಿತ್ತು. ಉಳಿದದ್ದನ್ನು ಮಗ ಇಂಗ್ಲಿಷಿನಿಂದ ಇಂಗ್ಲಿಷಿಗೆ ಭಾಷಾಂತರ ಮಾಡುತ್ತಿದ್ದ. ಬಡಗಿ ಟೇಪು ಹಿಡಿಯಲಿಲ್ಲ, ಮಾಡು ನೋಡಲಿಲ್ಲ. ಮಂಡಿಯೂರಿ ಗೋಡೆಯ ಬುಡದಲ್ಲಿ ಕೈಯಾಡಿಸಿದ. ಆ ಎದೆಮಟ್ಟದ ಗೋಡೆಗೆ ಅವರು 'ಮೊಣಕಾಲು ಗೋಡೆ' ಎನ್ನುತ್ತಾರೆ. ಅದರ ಹಿಂದೆ ಮಾಡು ಇಳಿದು ನೆಲಕ್ಕೆ ಸೇರುವ ತ್ರಿಕೋನದ ಕತ್ತಲೆ ಸಂದು, ಸೂರಂಚಿನ ತೂತುಗಳಿಂದ ಸದಾ ಗಾಳಿಯಾಡುವ ಜಾಗ. ಗೋಡೆಯ ಕೆಳಗೆ ನೆಲದ ತೊಲೆಗಳು ಈ ಕಡೆಯಿಂದ ಆ ಕಡೆಗೆ ಹಾಗೇ ಹಾದುಹೋಗಿದ್ದವು. ಎರಡು ತೊಲೆಗಳ ನಡುವೆ ಒಂದು ಪೆಟ್ಟಿಗೆಯಂಥ ಸುರಂಗ, ಬಾಯಿ ತೆರೆದದ್ದು.

"ಊದುಬತ್ತಿ ಇದೆಯಾ ಮನೇಲಿ?" ಎಂದು ಅವನು ಕೇಳಿದ್ದು ನನಗೇ ನೇರ ಅರ್ಥವಾಯಿತು. ನನ್ನಾಕೆಗೆ ನಂಬಿಕೆ ಬರಲಿಲ್ಲ. ಪೂಜೆ ಮಾಡಿಸುತ್ತಾನೇನೋ ಎಂದುಕೊಂಡು ಕುಂಕುಮದ ಬಟ್ಟಲನ್ನೂ ತಂದಳು. ಇಲ್ಲಿ ಮನೆಯ ಗಾಳಿಸೋರಿಕೆ ಹುಡುಕುವವರು ಊದುಬತ್ತಿ ಹಿಡಿಯುವುದು ರೂಢಿಯಂತೆ. ಮೈಸೂರಿನ ಗಂಧದ ಕಡ್ಡಿ ಹಚ್ಚಿ, ಕಾಗದ ದೂಳು ಇಲ್ಲದ ಕಡೆ ನೋಡಿಕೊಂಡು, ಆ ಸುರಂಗದ ಬಾಯಿಗೆ ಹಿಡಿದ. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಒಮ್ಮೆ ಅನುಮಾನಿಸಿತು, ಬಾಗಿತು, ಮರುಕ್ಷಣ ಉರಿಯುವ ಒಲೆಯ ಬಾಯಿಗೆ ಹೋದಂತೆ ಸರ್ರನೆ ಒಳಗೆ ಎಳೆದುಕೊಂಡು ಹೋಯಿತು. ಮುಂದಿನ ಸುರಂಗದಲ್ಲೂ ಹಾಗೇ. ಅದರ ಮುಂದಿನದರಲ್ಲೂ. ನಾವು ನಿಂತ ಹಲಗೆಯ ಕೆಳಗೆ, ಅಂಗಾಲಿನ ಒಂದಿಂಚು ಅಡಿಯಲ್ಲಿ, ಒಂದು ಸೂರಿನಿಂದ ಇನ್ನೊಂದು ಸೂರಿಗೆ ಹೊರಗಿನ ಗಾಳಿ ಓಡಾಡಿಕೊಂಡಿತ್ತು. ಒಂದು ಕಡೆ ಮಾತ್ರ ಹೊಗೆ ಹೊರಕ್ಕೆ ಬಂತು, ಜೊತೆಗೆ ಸಣ್ಣಗೆ ಪೆಟ್ರೋಲಿನ ವಾಸನೆ. ಗ್ಯಾರೇಜಿನ ಬಾಗಿಲೆತ್ತುವ ಯಂತ್ರಕ್ಕೆ ವೈರು ಇಳಿಸಿದ ತೂತು ಅದು.

ಆರು ಮುಖದ ಕೋಣೆಯಲ್ಲಿ ಐದು ಮುಖ ಹೊರಗಿನದು: ಎರಡು ಮೊಣಕಾಲು ಗೋಡೆ, ಕಿಟಕಿಯಿರುವ ಮುಂದಿನ ಗೋಡೆ, ಮೇಲೆ ಮಾಡು, ಕೆಳಗೆ ಗ್ಯಾರೇಜು. ಮನೆಯ ಬೆಚ್ಚಗಿನ ಮೈಗೆ ತಾಗಿದ್ದು ಬಾಗಿಲಿನ ಗೋಡೆ ಒಂದೇ. ಹೀಟರಿನ ತಪ್ಪೇನಿರಲಿಲ್ಲ.

ಇದನ್ನು ನೋಡುತ್ತ ನನಗೆ ನಮ್ಮ ಹಳೆಮನೆಯ ಅಟ್ಟ ನೆನಪಾಯಿತು. ಅಡುಗೆಮನೆಯ ಮೇಲೆ ಅಡಿಕೆದಬ್ಬೆಯ ಅಟ್ಟ, ಮೇಲೆ ಮಂಗಳೂರು ಹೆಂಚು. ಒಲೆಯ ಹೊಗೆ ದಬ್ಬೆಗಳ ಸಂದಿಯಿಂದ ಏರಿ, ಅಲ್ಲಿಟ್ಟ ಕಂಬಳಿಕೊಪ್ಪೆಗೂ ಬೀಜದ ಸೌತೆಗೂ ತಾಗಿ, ಹೆಂಚಿನ ಸಂದಿಯಿಂದ ಆಚೆ ಹೋಗುತ್ತಿತ್ತು. ಇಡೀ ಮನೆಯೇ ಸಂದಿ. ಅಲ್ಲಿ ಗಾಳಿ ಆಡದಿದ್ದರೆ ಬೂಸಲು ಹಿಡಿಯುತ್ತಿತ್ತು, ಅಡಿಕೆ ಕೆಡುತ್ತಿತ್ತು, ಕೆಮ್ಮು ಬರುತ್ತಿತ್ತು. ಗಾಳಿಗೆ ದಾರಿ ಬಿಡುವುದನ್ನೇ ಕಟ್ಟುವಿಕೆ ಎಂದು ಕಲಿತ ನಾನು ಈ ವಯಸ್ಸಿನಲ್ಲಿ, ಗಾಳಿ ನುಗ್ಗುವ ಒಂದೊಂದು ತೂತನ್ನೂ ಬೆನ್ನಟ್ಟಿ ಮುಚ್ಚುವವನ ಹಿಂದೆ ಟಾರ್ಚು ಹಿಡಿದುಕೊಂಡು ನಡೆದೆ.

ಮುಚ್ಚುವ ಕೆಲಸವೇ ಎರಡು ದಿನ. ನಾನು ನೋಡಿದ್ದರಲ್ಲಿ ಅತಿ ಕಷ್ಟದ್ದೂ ಹೊರಗಿನವರಿಗೆ ಎಂದೂ ಕಾಣದ್ದೂ ಅದೇ. ಗಟ್ಟಿ ಫೋಮ್ ಹಲಗೆಯನ್ನು ತೊಲೆಗಳ ನಡುವಿನ ಅಳತೆಗೆ ಕತ್ತರಿಸಿ, ಮೊಣಕಾಲು ಗೋಡೆಯ ನೇರ ಕೆಳಗೆ ಒಂದೊಂದು ಸುರಂಗದ ಬಾಯಿಗೂ ಬಿರಡೆಯಂತೆ ಕೂರಿಸಬೇಕು, ಅಂಚಿಗೆ ಉಬ್ಬುವ ನೊರೆ ಬಿಡಬೇಕು. ಮಗ ಬಿಳಿ ಪ್ಲಾಸ್ಟಿಕ್ ಅಂಗಿ, ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ತೊಟ್ಟು ಆ ತ್ರಿಕೋನದೊಳಗೆ ಹೊಟ್ಟೆಯ ಮೇಲೆ ತೆವಳಿದ. ಕಂಪ್ಯೂಟರಿನ ಮುಂದೆ ಕೂತು ಬೆಳೆದ ಬೆನ್ನು ಅದು. ತಲೆ ಎತ್ತಿದರೆ ಮೊಳೆಯ ಮೊನೆ. ಒಳಗಿನಿಂದ "ಅಪ್ಪ, ಇಪ್ಪತ್ತೆರಡೂವರೆ ಇಂಚು!" ಎಂದು ಕೂಗುತ್ತಿದ್ದ, ನಾನು ಹೊರಗೆ ಕತ್ತರಿಸಿ ಕೊಡುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಂದು ಟೇಪಿನ ಎರಡು ತುದಿ ಹಿಡಿದದ್ದು.

ನೆಲದ ಕಥೆ ಬೇರೆ. ಮನೆ ಕಟ್ಟುವಾಗ ಹತ್ತಿಯಂಥ ಹಾಸನ್ನು ತೊಲೆಗಳ ನಡುವೆ ಹಾಕಿಯೇ ಇದ್ದರು, ಆದರೆ ಅದು ಗ್ಯಾರೇಜಿನ ಛಾವಣಿಯ ಹಲಗೆಯ ಮೇಲೆ ಮಲಗಿತ್ತು. ಮೇಲಿನ ಪ್ಲೈವುಡ್ಡಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಖಾಲಿ. ಆ ಖಾಲಿಯಲ್ಲೇ ಗಾಳಿಯ ಓಡಾಟ. ಕಂಬಳಿಯನ್ನು ಮಂಚದ ಕೆಳಗೆ ಹಾಸಿ ಚಳಿಯಾಗುತ್ತದೆ ಎಂದರೆ ಹೇಗೆ? ಅದಕ್ಕೆ ಒಂದು ಲಾರಿ ಬಂತು, ಲಾರಿಯೊಳಗೆ ಊದುವ ಯಂತ್ರ. ಗ್ಯಾರೇಜಿನ ಛಾವಣಿಗೆ ತೂತು ಕೊರೆದು, ಕೊಳವೆ ತೂರಿಸಿ, ಬೂದುಬಣ್ಣದ ಹಿಂಜಿದ ಪುಡಿಯನ್ನು ಒತ್ತಡದಿಂದ ತುಂಬಿದರು. ಒಂದು ಘನ ಅಡಿಗೆ ಸುಮಾರು ಮೂರೂವರೆ ಪೌಂಡು, ಹಳೆಯ ಹಾಸು ಮೇಲಕ್ಕೆ ಒತ್ತಿಕೊಂಡು ಪ್ಲೈವುಡ್ಡಿಗೆ ಅಂಟುವ ತನಕ. ಚೆಲ್ಲಿದ ಪುಡಿಯನ್ನು ಬೊಗಸೆಯಲ್ಲಿ ಹಿಡಿದು ನೋಡಿದರೆ ಅದರಲ್ಲಿ ಅಕ್ಷರಗಳು! ಹೆಚ್ಚಿನ ಪಾಲು ರದ್ದಿ ಪತ್ರಿಕೆ. ಬೆಂಕಿಗೂ ಹುಳುವಿಗೂ ಅಂಜಿ ಬೋರಾನಿನ ಲವಣ ಬೆರೆಸಿರುತ್ತಾರೆ, ನಮ್ಮ ಅಕ್ಕಸಾಲಿಗರ ಬಿಳಿಗಾರದ ಬಳಗದ್ದು. ಒಂದು ಚೂರಿನಲ್ಲಿ ಯಾವುದೋ ಊರಿನ ಹವಾಮಾನದ ಅರ್ಧ ಸಾಲಿತ್ತು. ದಿನಾ ಪತ್ರಿಕೆ ಓದದೆ ಕಾಫಿ ಇಳಿಯದ ನಾನು, ಇನ್ನು ಮೇಲೆ ಎಷ್ಟೋ ಸಾವಿರ ಹಳೇ ಸುದ್ದಿಗಳ ಮೇಲೆ ಮಲಗುವವನಾದೆ.

ಕೊರೆದ ತೂತುಗಳನ್ನು ಮುಚ್ಚುವಾಗ ಬಡಗಿ ಬಹಳ ಕಟ್ಟುನಿಟ್ಟು. ಮೇಲೆ ಜನ ವಾಸಿಸುವ ಕೋಣೆಯಿದ್ದರೆ ಗ್ಯಾರೇಜಿನ ಛಾವಣಿಗೆ ಐದು ಸೂತ ದಪ್ಪದ, ಬೆಂಕಿ ತಡೆಯುವ ಜಿಪ್ಸಮ್ ಹಲಗೆಯೇ ಇರಬೇಕೆಂದು ಇಲ್ಲಿ ನಿಯಮ. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಒಳಗೆ ಕಟ್ಟಿಕೊಂಡ ನೀರು; ಬೆಂಕಿ ತಗುಲಿದಾಗ ಆ ನೀರು ಆವಿಯಾಗಿ ಹೋಗುವ ತನಕ ಹಲಗೆಯ ಹಿಂಬದಿ ಹೆಚ್ಚು ಕಾಯುವುದಿಲ್ಲ. ಆ ಹೊತ್ತಿನಲ್ಲಿ ಮಲಗಿದವರು ಎದ್ದು ಹೊರಗೆ ಓಡಬೇಕು. ಬೆಂಕಿಗಿಂತ ಮೆಲ್ಲಗೆ ಬರುವುದು ಕಾರಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್, ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲಿನ ವಾಸನೆ ಬಂದ ಆ ವೈರಿನ ತೂತಿಗೆ ಅವನು ಕೆಂಪು ಬಣ್ಣದ ಬೆಂಕಿಮೇಣ ಮೆತ್ತಿ, ಹೆಬ್ಬೆರಳಲ್ಲಿ ಒತ್ತಿ, ಮತ್ತೊಮ್ಮೆ ಒತ್ತಿದ.

ಇಷ್ಟಾದ ಮೇಲೆ ಬಂತು ಗುಲಾಬಿ. ಗಾಜಿನ ಉಣ್ಣೆಯ ಸುರುಳಿಗಳು, ಮಿಠಾಯಿ ಅಂಗಡಿಯ ಬೊಂಬಾಯಿ ಮಿಠಾಯಿಯ ಬಣ್ಣ. 1932ರಲ್ಲಿ ಓವೆನ್ಸ್-ಇಲಿನಾಯ್ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೋಗಿ, ಗಾಳಿಯ ರಭಸಕ್ಕೆ ಕರಗಿದ ಗಾಜು ಎಳೆಎಳೆಯಾಗಿ ಹಾರಿದ್ದು ಇದರ ಹುಟ್ಟಂತೆ. 1985ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಈ ಗುಲಾಬಿ ಬಣ್ಣವನ್ನೇ ಓವೆನ್ಸ್ ಕಾರ್ನಿಂಗ್ ಕಂಪನಿ ತನ್ನ ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಿಕೊಳ್ಳಬಹುದು ಎಂದಿತು. ಬಣ್ಣ ಎಷ್ಟೇ ಮುದ್ದಾಗಿರಲಿ, ಕೈಗೆ ತಾಗಿದರೆ ನಸುಗುನ್ನಿಯ ತಮ್ಮ. ನಾನು ಜಂಬದಿಂದ ಬರಿಗೈಯಲ್ಲಿ ಮುಟ್ಟಿ, ರಾತ್ರಿಯೆಲ್ಲ ತುರಿಸಿಕೊಂಡೆ. ನನ್ನಾಕೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಅಲ್ಲಾ ರೀ, ಅವರೆಲ್ಲ ಗ್ಲೌಸ್ ಹಾಕಿದ್ದು ಶೋಕಿಗೆ ಅಂದ್ಕೊಂಡ್ರಾ?" ಎಂದಳು.

ಹಾಸಿಗೆಗೆ ಹತ್ತಿ ತುಂಬುವವನು ಒತ್ತಿದಷ್ಟೂ ಒಳ್ಳೆಯದು ಎನ್ನುತ್ತಾನೆ. ಇಲ್ಲಿ ತದ್ವಿರುದ್ಧ. ಬೆಚ್ಚಗಿಡುವುದು ಗಾಜಿನ ಎಳೆಯಲ್ಲ, ಎಳೆಗಳ ನಡುವೆ ಸಿಕ್ಕಿಬಿದ್ದ ನಿಂತ ಗಾಳಿ; ಒತ್ತಿದರೆ ಅದು ಹೋಯಿತು. ಇದರ ಶಕ್ತಿಯನ್ನು 'ಆರ್' ಎಂಬ ಅಂಕದಲ್ಲಿ ಹೇಳುತ್ತಾರೆ. ಮೂರೂವರೆ ಇಂಚಿನ ಗುಲಾಬಿ ಹಾಸಿಗೆ 13. ನಾನು ಜೀವನವಿಡೀ ಎಂ.ಬಿ.ಯಲ್ಲಿ, ಅಂದರೆ ಇಲಾಖೆಯ ಅಳತೆ ಪುಸ್ತಕದಲ್ಲಿ, ಬರೆದ ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಎಷ್ಟು ಎಂದು ಮಗನ ಕೈಯಲ್ಲಿ ಲೆಕ್ಕ ಹಾಕಿಸಿದೆ. ಎರಡರ ಆಸುಪಾಸು ಬಂತು. ಇನ್ನೊಮ್ಮೆ ಹಾಕಿಸಿದೆ. ಅಷ್ಟೇ ಬಂತು.

ಮೊಣಕಾಲು ಗೋಡೆಗೆ ಹಾಸು ಕೂರಿಸಿ, ಹಿಂಬದಿಯಿಂದ ಫೋಮ್ ಹಲಗೆ ಹೊಡೆದರು, ಇಲ್ಲದಿದ್ದರೆ ಸಂದಿನ ಗಾಳಿ ಹಾಸನ್ನು ಹಿಂದಿನಿಂದ ಕೆದಕುತ್ತದೆ. ಮಾಡಿನ ಓರೆಗೆ ಎಂಟೂಕಾಲು ಇಂಚಿನ ದಪ್ಪ ಹಾಸು, ಅಂಕ 30. ಆದರೆ ಅದಕ್ಕೆ ಮೊದಲು ಮಾಡಿನ ಹಲಗೆಗೆ ತಾಗಿ ಒಂದಿಂಚು ಆಳದ ಹಗುರ ದೋಣಿಗಳನ್ನು ಸೂರಿನಿಂದ ನೆತ್ತಿಯ ತನಕ ಹೊಡೆದದ್ದು ನನ್ನ ಮನಸ್ಸಿಗೆ ಹಿಡಿಸಿತು. ಎಲ್ಲ ಮುಚ್ಚುವವರು ಅಲ್ಲಿ ಮಾತ್ರ ಗಾಳಿಗೆ ದಾರಿ ಬಿಟ್ಟರು. ಹಾಸಿನ ಮೇಲೆ, ಮಾಡಿನ ಕೆಳಗೆ, ಗಾಳಿ ಏರಿ ಹೋಗಬೇಕು. ತೇವವಿದ್ದರೆ ಒಯ್ಯಬೇಕು, ಬೇಸಗೆಯ ಕಾವನ್ನೂ ಒಯ್ಯಬೇಕು. ಜುಲೈಯಲ್ಲಿ ಆ ತ್ರಿಕೋನದ ಸಂದು ನಮ್ಮ ಐವತ್ತು ಡಿಗ್ರಿ ದಾಟುತ್ತದಂತೆ. ಅಡಿಕೆ ಒಣಗಿಸಬಹುದು.

ಗೋಡೆ ಮುಚ್ಚುವ ಮೊದಲು ಊರಿನ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಚೌಕಟ್ಟಿಗೊಮ್ಮೆ, ವೈರಿಂಗಿಗೊಮ್ಮೆ, ಹಾಸಿಗೊಮ್ಮೆ, ಕಡೆಗೊಮ್ಮೆ. ಅವರು ಬರುವ ದಿನ ನಾನು ಇಸ್ತ್ರಿ ಅಂಗಿ ಹಾಕಿಕೊಂಡೆ. ಕಾಫಿ ಕೊಡೋಣವೆಂದರೆ ಮಗ ಕಣ್ಣಲ್ಲೇ ಬೇಡವೆಂದ. ಅವರು ಪಾಯಿಂಟುಗಳ ನಡುವಿನ ದೂರ ಅಳೆದರು, ಏಕೆಂದರೆ ಗೋಡೆಯ ಯಾವ ಜಾಗವೂ ಪ್ಲಗ್ಗಿನಿಂದ ಆರಡಿಗಿಂತ ದೂರ ಇರಕೂಡದು. ಮಲಗುವ ಕೋಣೆಯಾದ್ದರಿಂದ ಕಿಟಕಿಯಿಂದ ಮನುಷ್ಯ ತಪ್ಪಿಸಿಕೊಳ್ಳಬಹುದೇ ಎಂದು ಅದರ ತೆರಪು ಅಳೆದರು. ಹತ್ತು ನಿಮಿಷ. ಸಹಿ ಹಾಕಿ ಹೋದರು. ನಮ್ಮ ಕಾಲದ ತಪಾಸಣೆಗಳನ್ನು ನೆನೆದು ನಾನು ಹೊಟ್ಟೆಕಿಚ್ಚುಪಟ್ಟೆ, ಆ ಕಾಫಿಯನ್ನು ನಾನೇ ಕುಡಿದೆ.

ಜಿಪ್ಸಮ್ ಹಲಗೆಯ ಕೆಲಸಕ್ಕೆ ಬಂದವರು ಇಬ್ಬರು, ಮಾವ ಅಳಿಯ, ಮೆಕ್ಸಿಕೋ ಕಡೆಯವರು. ಹಲಗೆ ಹೊಡೆದು ಮುಗಿಸಿದ್ದು ಒಂದೇ ದಿನ. ಮಾರನೆಯ ದಿನ ಅಳಿಯ ಕಾಲಿಗೆ ಅಲ್ಯೂಮಿನಿಯಂ ಮರಗಾಲು ಕಟ್ಟಿಕೊಂಡ. ಏಣಿ ಹತ್ತಿ ಇಳಿಯುವ ಹೊತ್ತು ಉಳಿಸಲು ಇವರೆಲ್ಲ ಹೀಗೆ ಮಾಡುತ್ತಾರಂತೆ. ಒಂದು ಕೈಯಲ್ಲಿ ಗಾರೆಯ ತಟ್ಟೆ, ಇನ್ನೊಂದರಲ್ಲಿ ಅಗಲದ ಕರಣೆ, ರೇಡಿಯೋದಲ್ಲಿ ಅಕಾರ್ಡಿಯನ್ ಹಾಡು. ಛಾವಣಿಯ ಬಿರುಕಿನುದ್ದಕ್ಕೂ ಪಟ್ಟಿ ಅಂಟಿಸುತ್ತ ಕೋಣೆಯ ಆ ತುದಿಯಿಂದ ಈ ತುದಿಗೆ ಎರಡು ಹೆಜ್ಜೆ ಹಾಡಿಗೆ, ಒಂದು ಹೆಜ್ಜೆ ಕೆಲಸಕ್ಕೆ. ಜಾತ್ರೆಯ ಮರಗಾಲು ಕುಣಿತ ನೋಡಿದ ನನ್ನಾಕೆ ಬಾಗಿಲಲ್ಲೇ ನಿಂತುಬಿಟ್ಟಳು. ಮೊಮ್ಮಗಳು ಮೂರು ದಿನ ಶಾಲೆಗೆ ಹೋಗುವುದಿಲ್ಲವೆಂದು ಹಟ ಮಾಡಿದಳು. ಮೂರು ಸಲ ಗಾರೆ, ಮೂರು ಸಲ ಒಣಗಿಸುವುದು, ಆಮೇಲೆ ಉಜ್ಜುವುದು. ರಂಗೋಲಿ ಹಿಟ್ಟಿಗಿಂತ ನುಣ್ಣನೆಯ ಬಿಳಿ ದೂಳು ಎಲ್ಲ ಬಟ್ಟೆ ಪರದೆ ದಾಟಿ ದೇವರ ಗೂಡಿನ ತನಕ ಬಂತು. ಗಣಪತಿ ಒಂದು ವಾರ ವಿಭೂತಿ ಹಚ್ಚಿಕೊಂಡು ಕೂತಿದ್ದ.

ಬಣ್ಣ, ಕಾರ್ಪೆಟ್ಟು, ಗೋಡೆಯ ಮೇಲಿನ ಬೆಚ್ಚ-ತಂಪಿನ ಪೆಟ್ಟಿಗೆ ಇವೆಲ್ಲ ಬೇಗ ಮುಗಿದವು. ಪೆಟ್ಟಿಗೆ ಒಂದು ಟನ್ನಿನದು. ಒಂದು ಟನ್ ಮಂಜುಗಡ್ಡೆಯನ್ನು ಒಂದು ದಿನದಲ್ಲಿ ಕರಗಿಸುವ ಶಾಖದ ಲೆಕ್ಕದಿಂದ ಬಂದ ಹೆಸರು ಅದು. ಬೆಂಗಳೂರಿನ ಅಂಗಡಿಯಲ್ಲಿ ಎಷ್ಟು ಸಲ ಕೇಳಿದ್ದರೂ ಯಾವುದರ ಟನ್ ಎಂದು ನಾನು ಯೋಚಿಸಿರಲಿಲ್ಲ. ಬಡಗಿ ಕೊನೆಯ ದಿನ ಬಂದು ಬಚ್ಚಲಿನ ಫ್ಯಾನು, ಒಲೆಯ ಮೇಲಿನ ಫ್ಯಾನು ಎಲ್ಲ ಹಾಕಿಸಿ, ಮತ್ತೆ ಊದುಬತ್ತಿ ಕೇಳಿದ. ಈ ಸಲ ನನ್ನಾಕೆ ಅವನ ಕೈಗೆ ಇಡೀ ಪೊಟ್ಟಣವನ್ನೇ ಕೊಟ್ಟಳು. ಮುಂದಿನ ಗೋಡೆಯ ಒಂದು ಪ್ಲಗ್ಗಿನ ಹತ್ತಿರ ಹೊಗೆ ನಮ್ಮ ಮುಖಕ್ಕೆ ಬಂತು, ಅದನ್ನು ಮುಚ್ಚಿದ. ಉಳಿದ ಕಡೆಯೆಲ್ಲ ಹೊಗೆ ನೆಟ್ಟಗೆ ಏರಿ ಓರೆ ಛಾವಣಿಗೆ ತಾಗಿ ಅಲ್ಲೇ ಹರಡಿಕೊಂಡಿತು. ಪೊಟ್ಟಣವನ್ನು ಅವನು ಲಾರಿಯಲ್ಲಿಟ್ಟುಕೊಂಡು ಹೋದ.

ಫೆಬ್ರವರಿ ಕೊನೆಗೆ ನಾವು ಕಪ್ಪೆ ಕೋಣೆಗೆ ಬಂದೆವು. ಬಾಗಿಲ ಬುಡದ ಟವೆಲು ಒಗೆಯಲು ಹೋಯಿತು. ಬರಿಗಾಲಲ್ಲಿ ನಿಂತರೆ ನೆಲ ಸುಮ್ಮನಿತ್ತು. ಗೋಡೆಯ ಮೇಲಿನ ಅಂಕಿ 68. ಪೆಟ್ಟಿಗೆ ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ಉಸಿರೆಳೆದು ಮತ್ತೆ ಮಲಗುತ್ತಿತ್ತು. ಮಗ ರಾತ್ರಿ ಹೊತ್ತು ಸುಮ್ಮಸುಮ್ಮನೆ ಬಂದು, ಮೊಣಕಾಲು ಗೋಡೆಗೆ ಬೆನ್ನು ಕೊಟ್ಟು ಕೂತು ಹೋಗುತ್ತಿದ್ದ. ಒಂದೇ ಒಂದು ವಿಚಿತ್ರ: ಸದ್ದಿಲ್ಲ. ಕೆಳಗೆ ಕಾರು ಬಂದದ್ದು ತಿಳಿಯದು. ಮಳೆ ಬಂದರೆ ಕಿಟಕಿ ನೋಡಿ ತಿಳಿಯಬೇಕು. ಹೆಂಚಿನ ಮೇಲೆ ಮಳೆ ಕೇಳಿ ಬೆಳೆದ ಕಿವಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಮೂರನೆಯ ರಾತ್ರಿ ಸಂಜೆಯ ಮಳೆ ನಿಂತಿತ್ತು. ನನ್ನಾಕೆ ಮಲಗಿದ ಮೇಲೆ ಎದ್ದು ಕಿಟಕಿಯ ಹತ್ತಿರ ಹೋದೆ. ಗಾಜಿನಾಚೆ, ಬಡಾವಣೆಯ ಮಳೆನೀರು ಇಂಗಿಸುವ ಕೊಳದ ಕಡೆ, ಏನೋ ಇದೆ ಅನ್ನಿಸಿತು, ಕೇಳಿಸುವುದಿಲ್ಲ. ಚಿಲಕ ತೆಗೆದು ಗಾಜನ್ನು ಒಂದು ಗೇಣು ಮೇಲೆತ್ತಿದೆ. ಸಾವಿರ ಸಣ್ಣ ಗೆಜ್ಜೆಗಳ ಹಾಗೆ ಕಪ್ಪೆಗಳ ಸದ್ದು ಚಳಿಯ ಜೊತೆಗೇ ಒಳಗೆ ನುಗ್ಗಿತು. ಉಗುರಿನಷ್ಟು ಗಾತ್ರದ ಪೀಪರ್ ಎಂಬ ಕಪ್ಪೆಗಳಂತೆ. ಈ ಕಡೆ ವಸಂತ ಬರುವ ಮೊದಲೇ ಕೂಗಲು ಶುರುಮಾಡುತ್ತವೆ. ಹಿಂದೆ ಬಾಗಿಲು ಕಿರ್ರೆಂದಿತು. ಮೊಮ್ಮಗಳು ದಿಂಬು ತಬ್ಬಿಕೊಂಡು ಬಂದು ನನ್ನ ಪಕ್ಕ ನಿಂತಳು.

"ಅಜ್ಜ, ಅವೂ ಇಲ್ಲಿಗೆ ಬರ್ತಾವಾ?"

ನಾನು ಉತ್ತರ ಹುಡುಕುವುದರೊಳಗೆ ಗೋಡೆಯ ಪೆಟ್ಟಿಗೆ ಎಚ್ಚರಗೊಂಡು ಜೋರಾಗಿ ಊದತೊಡಗಿತು, ಓಣಿಯ ಆ ತುದಿಯಿಂದ ಸೊಸೆಯ ದನಿ ಬಂತು: "ಮಾವ, ಕಿಟಕಿ ಏನಾದ್ರೂ ತೆಗೆದಿದೀರಾ?"